ನಿಂಬೆರಸ ರಾತ್ರಿ ಕಳೆದರೆ ಕಹಿ ಯಾಕೆ?

ಪ್ರಶ್ನೆ: ನಮ್ಮದು ಹೊಸನಗರದ ಹತ್ತಿರ ಒಂದು ಹಳ್ಳಿ. ಹಿತ್ತಲಲ್ಲಿ ತೆಳು ಸಿಪ್ಪೆಯ ನಾಟಿ ನಿಂಬೆ ಗಿಡ ಇದೆ. ಮಳೆಗಾಲದಲ್ಲಿ ಬುಟ್ಟಿಗಟ್ಟಲೆ ಹಣ್ಣು, ಬೇಸಿಗೆಯಲ್ಲಿ ಒಂದೂ ಇರುವುದಿಲ್ಲ. ರಸ ಹಿಂಡಿ ಬಾಟಲಿಗೆ ತುಂಬಿ ಫ್ರಿಜ್ಜಲ್ಲಿಟ್ಟರೆ ಮಾರನೇ ದಿನಕ್ಕೇ ಕಹಿ. ಚಿತ್ರಾನ್ನ, ಸಾರು ಕೂಡ ಕೆಲವು ಸಲ ಕಹಿಯಾಗುತ್ತದೆ. ಗಿಡದ ಜಾತಿಯೇ ಹಾಗೆ ಅಂತಾರೆ ನಮ್ಮತ್ತೆ. ನಿಜವಾ? ಈ ಹಣ್ಣನ್ನು ರಾಮನವಮಿಯ ಪಾನಕದವರೆಗೆ ಉಳಿಸಿಕೊಳ್ಳುವುದು ಹೇಗೆ? ಕೆಲವು ಹಣ್ಣಿನ ಮೇಲೆ ಕಂದು ಕಜ್ಜಿ ಇರುತ್ತದೆ. ಅದನ್ನು ಬಳಸಬಹುದಾ?

ಉತ್ತರ: ಗಿಡದ ತಪ್ಪಲ್ಲ. ಇದನ್ನು ಅತ್ತೆಯವರಿಗೆ ಸ್ವಲ್ಪ ಮೆತ್ತಗೆ ಹೇಳಿ. ನಾಟಿ ನಿಂಬೆ ಯಾವ ಹಿತ್ತಲಲ್ಲಿ ಬೆಳೆದರೂ ಹೀಗೇ ಮಾಡುತ್ತದೆ. ಕಹಿ ಬರುವುದು ನಾವು ಹಿಂಡುವ ರೀತಿಯಿಂದ ಮತ್ತು ಹಿಂಡಿದ ಮೇಲೆ ರಸವನ್ನು ಹಾಗೇ ಇಡುವ ಹೊತ್ತಿನಿಂದ.

ನಿಂಬೆಯ ಕಹಿಯಲ್ಲಿ ಎರಡು ಬಗೆ. ಒಂದು ಕೂಡಲೇ ಗೊತ್ತಾಗುವುದು. ಸಿಪ್ಪೆಯ ಮೇಲೆ ಸೂಜಿಮೊನೆಯಷ್ಟು ಚುಕ್ಕಿಗಳು ಕಾಣುತ್ತವಲ್ಲ, ಅವೆಲ್ಲ ಎಣ್ಣೆಯ ಚೀಲಗಳು. ಒಂದು ಚೂರು ಸಿಪ್ಪೆಯನ್ನು ದೀಪದ ಕುಡಿಯ ಪಕ್ಕ ಹಿಡಿದು ಮಡಚಿ ನೋಡಿ, ಚಿಟಪಟ ಅಂತ ಕಿಡಿ ಹಾರುತ್ತದೆ. ಉರಿಯುವುದು ಆ ಎಣ್ಣೆಯೇ. ನಿಂಬೆಯ ಪರಿಮಳ ಹೆಚ್ಚಾಗಿ ಅದರದ್ದು. ಜಾಸ್ತಿಯಾದರೆ ನಾಲಿಗೆ ಹಿಡಿಯುವ ಖಾರ-ಕಹಿಯೂ ಅದರದ್ದೇ. ಕಬ್ಬಿಣದ ಅಥವಾ ಸ್ಟೀಲಿನ ಒತ್ತುವ ಹಿಂಡುಕದಲ್ಲಿ ಹೋಳನ್ನು ಇಟ್ಟು ಬಲವಾಗಿ ಒತ್ತಿದಾಗ ರಸದ ಜೊತೆ ಈ ಎಣ್ಣೆ ಇಳಿಯುತ್ತದೆ, ಎರಡು ಬೀಜವೂ ನುರಿಯುತ್ತದೆ.

ಇನ್ನೊಂದು ಕಹಿ ತಡವಾಗಿ ಬರುವಂಥದ್ದು. ನಿಮ್ಮನ್ನು ಕಾಡುತ್ತಿರುವುದು ಇದೇ. ನಿಂಬೆಯ ಬೀಜ, ಒಳಗಿನ ಬಿಳಿ ಪೊರೆ, ನಡುವಿನ ದಿಂಡು ಇವುಗಳಲ್ಲಿ ರುಚಿಯೇ ಇಲ್ಲದ ಒಂದು ವಸ್ತು ಇದೆ. ಹಣ್ಣು ಇಡಿಯಾಗಿರುವಾಗ ಅದು ತನ್ನ ಪಾಡಿಗೆ ಇರುತ್ತದೆ. ಹಿಂಡುವಾಗ ಪೊರೆ ಹರಿದು ಅದು ಹುಳಿ ರಸಕ್ಕೆ ಸೇರಿತೋ, ನಿಧಾನವಾಗಿ ಲಿಮೋನಿನ್ ಎಂಬ ಕಹಿ ವಸ್ತುವಾಗಿ ಬದಲಾಗುತ್ತದೆ. ಇದರ ಕಹಿ ಎಷ್ಟೆಂದರೆ, ಹತ್ತು ಲಕ್ಷ ಭಾಗದಲ್ಲಿ ಕೆಲವೇ ಭಾಗ ಇದ್ದರೂ ನಾಲಿಗೆಗೆ ಗೊತ್ತಾಗಿಬಿಡುತ್ತದೆ. ಹಿಂಡಿದ ಕೂಡಲೇ ಚೆನ್ನಾಗಿದ್ದ ರಸ ಬೆಳಗಾಗುವಷ್ಟರಲ್ಲಿ ಕೆಡುವುದು ಇದಕ್ಕೇ. ಫ್ರಿಜ್ಜಿನ ತಂಪು ಇದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಬಿಸಿ ತಗುಲಿದರೆ ಇನ್ನೂ ಬೇಗ.

ನನ್ನ ಮಾತನ್ನು ಸುಮ್ನೆ ನಂಬಬೇಡಿ. ಒಂದೇ ಗಿಡದ ಎರಡು ಹಣ್ಣು ತೆಗೆದುಕೊಳ್ಳಿ. ಒಂದನ್ನು ಕೈಯಲ್ಲಿ ಹಗುರವಾಗಿ ಹಿಂಡಿ ಕೂಡಲೇ ಸೋಸಿ. ಇನ್ನೊಂದನ್ನು ಹಿಂಡುಕದಲ್ಲಿ ಕೊನೆ ಹನಿಯವರೆಗೆ ಒತ್ತಿ, ಬೀಜ-ಪೊರೆ ಸಮೇತ ಬಿಡಿ. ಎರಡು ಲೋಟದಲ್ಲಿಟ್ಟು ಮಾರನೇ ಬೆಳಿಗ್ಗೆ ಒಂದೊಂದು ಹನಿ ನೆಕ್ಕಿ ನೋಡಿ. ಅತ್ತೆಯವರಿಗೂ ಕೊಡಿ.

ಹಾಗಾದರೆ ಹಿಂಡುವುದು ಹೇಗೆ? ಮೊದಲು ಹಣ್ಣನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಬಿಡಿ. ಮಳೆಗಾಲದ ಥಂಡಿಯಲ್ಲಿ ಅಥವಾ ಫ್ರಿಜ್ಜಿನಿಂದ ತೆಗೆದ ಹಣ್ಣಿಗೆ ಇದು ಬೇಕೇ ಬೇಕು. ಆಮೇಲೆ ಕಟ್ಟೆಯ ಮೇಲಿಟ್ಟು ಅಂಗೈಯಲ್ಲಿ ಒತ್ತಿ ಉರುಳಿಸಿ. ಒಳಗಿನ ಸಣ್ಣ ರಸದ ಎಳೆಗಳು ಒಡೆದು ಹಣ್ಣು ಮೆತ್ತಗಾಗುತ್ತದೆ. ತೊಟ್ಟಿನಿಂದ ತುದಿಗೆ ಉದ್ದುದ್ದ ಕತ್ತರಿಸುವ ಬದಲು ಅಡ್ಡಕ್ಕೆ ಕತ್ತರಿಸಿ. ತೊಳೆಗಳೆಲ್ಲ ಬಾಯಿ ತೆರೆದುಕೊಳ್ಳುತ್ತವೆ, ಬೀಜವನ್ನು ಚಾಕುವಿನ ತುದಿಯಲ್ಲಿ ಎತ್ತಿ ಹಾಕಬಹುದು. ಆಗ ಹಿಂಡಿ. ಸಲೀಸಾಗಿ ಬಂದಷ್ಟು ಸಾಕು, ಕೊನೆಯ ಎರಡು ಹನಿಗೆ ಆಸೆಪಡಬೇಡಿ. ಒಂದು ಮಾಮೂಲಿ ಹಣ್ಣಿಗೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಮಿಲಿ ರಸ ಬಂದರೆ ಒಳ್ಳೆಯ ಹಣ್ಣು ಅಂತಲೇ ಲೆಕ್ಕ. ಹಿಂಡಿದ ಕೂಡಲೇ ಟೀ ಸೋಸುವ ಜಾಲರಿಯಲ್ಲಿ ಸೋಸಿ. ಜಾಲರಿಯಲ್ಲಿ ಉಳಿದ ಪೊರೆಯನ್ನು ಚಮಚದಿಂದ ಒತ್ತಬೇಡಿ.

ಅಂದ ಮಾತ್ರಕ್ಕೆ ಹಿಂಡುಕವನ್ನು ಅಟ್ಟಕ್ಕೆ ಎಸೆಯಬೇಕಾಗಿಲ್ಲ. ಕೂಡಲೇ ಕುಡಿಯುವ ಶರಬತ್ತಿಗೆ, ಕೂಡಲೇ ತಿನ್ನುವ ಕೋಸಂಬರಿಗೆ ಅದೇ ಚೆಂದ. ಸಿಪ್ಪೆಯೆಣ್ಣೆಯ ನಾಲ್ಕು ಹನಿ ಬಿದ್ದರೆ ಘಮ ಏರುತ್ತದೆ. ಇಡುವ ರಸಕ್ಕೆ ಮಾತ್ರ ಅದು ಬೇಡ.

ಇನ್ನು ಅಡುಗೆ. ಚಿತ್ರಾನ್ನ ಕಹಿಯಾಗುವ ಮನೆಗಳಲ್ಲಿ ಹೆಚ್ಚಾಗಿ ನಡೆಯುವುದು ಒಂದೇ: ಒಗ್ಗರಣೆ ಚುರುಗುಡುತ್ತಿರುವಾಗಲೇ ಬಾಣಲೆಗೆ ನಿಂಬೆ ಹಿಂಡುವುದು. ಒಂದು ಬೀಜವೋ ಪೊರೆಯ ಚೂರೋ ಜೊತೆಗೆ ಬಿದ್ದರಂತೂ ಮುಗಿಯಿತು. ಒಗ್ಗರಣೆಗೆ ಅರಿಶಿನ ಹಾಕಿದ ಮೇಲೆ ಒಲೆ ಆರಿಸಿ. ಬಾಣಲೆಯನ್ನು ಕೆಳಗಿಟ್ಟು, ಕೈ ಮುಟ್ಟಿದರೆ ತಡೆಯುವಷ್ಟು ಬಿಸಿ ಇಳಿದ ಮೇಲೆ ಉಪ್ಪು, ಸೋಸಿದ ರಸ ಸೇರಿಸಿ. ಹರವಿ ಆರಿಸಿದ ಅನ್ನವನ್ನು ಆಮೇಲೆ ಕಲಸಿ. ಒಂದು ಪಾವು ಅಕ್ಕಿಯ ಅನ್ನಕ್ಕೆ ಎರಡು ದೊಡ್ಡ ಚಮಚ ರಸದಿಂದ ಶುರು ಮಾಡಿ, ರುಚಿ ನೋಡಿ ಏರಿಸಿ. ಹತ್ತು ನಿಮಿಷ ಮುಚ್ಚಿಟ್ಟರೆ ಹುಳಿ ಅನ್ನಕ್ಕೆ ಹಿಡಿಯುತ್ತದೆ. ಕಲಸಿದ ಚಿತ್ರಾನ್ನವನ್ನು ಮತ್ತೆ ಬಿಸಿ ಮಾಡುವ ಅಭ್ಯಾಸ ಬಿಡಿ.

ಮಲೆನಾಡಿನ ಮನೆಗಳಲ್ಲಿ ಹೇರಳೆಕಾಯಿ, ಕಂಚಿಕಾಯಿ ಚಿತ್ರಾನ್ನವೂ ಉಂಟಲ್ಲ, ಅವಕ್ಕೂ ಇದೇ ಮಾತು. ಅವುಗಳ ಸಿಪ್ಪೆ ದಪ್ಪ, ಬಿಳಿ ಪೊರೆಯೂ ಜಾಸ್ತಿ. ಹಾಗಾಗಿ ಹಿಂಡುವಾಗ ಇನ್ನೂ ಹಗುರ ಕೈ ಬೇಕು.

ಸಾರಿನದ್ದೂ ಅದೇ ಕಥೆ. ಬೇಳೆ ಕಟ್ಟು, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸು, ಕರಿಬೇವು ಕುದ್ದು ಒಗ್ಗರಣೆ ಬಿದ್ದ ಮೇಲೆ ಒಲೆ ಆರಿಸಿ, ಎರಡು ನಿಮಿಷ ಬಿಟ್ಟು ನಿಂಬೆ ಹಿಂಡಿ. ನಿಂಬೆ ಹಾಕಿದ ಸಾರನ್ನು ಕುದಿಸಿದರೆ ಘಮ ಹೋಗುತ್ತದೆ, ವಿಟಮಿನ್ ಸಿಯೂ ಕಡಿಮೆಯಾಗುತ್ತದೆ, ಕಹಿ ಮಾತ್ರ ಬರುತ್ತದೆ. ಮಧ್ಯಾಹ್ನದ ಸಾರು ರಾತ್ರಿಗೂ ಬೇಕಿದ್ದರೆ ಅರ್ಧ ಸಾರನ್ನು ನಿಂಬೆ ಹಾಕದೇ ತೆಗೆದಿಡಿ. ಬೇಳೆ ಬೇಯುವ ಮೊದಲೇ ಹುಳಿ ಹಾಕುವುದೂ ಬೇಡ. ಹುಳಿ ಬಿದ್ದ ನೀರಿನಲ್ಲಿ ಬೇಳೆ ಎಷ್ಟು ಹೊತ್ತಾದರೂ ಕಣ್ಣು ಬಿಡುವುದಿಲ್ಲ.

ಮಾವಿನಕಾಯಿ ಸಿಗದ ಕಾಲದಲ್ಲಿ ನಿಂಬೆಯಲ್ಲೇ ಅಪ್ಪೆಹುಳಿ ಮಾಡಿ ನೋಡಿ. ನನ್ನ ಮಟ್ಟಿಗೆ ಹಿತ್ತಲ ನಿಂಬೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇಲ್ಲ. ಒಲೆಯ ಮೇಲೆ ಕುದಿಸುವ ಗೊಡವೆಯೇ ಇಲ್ಲ. ಅರ್ಧ ಲೀಟರ್ ತಣ್ಣೀರಿಗೆ ಎರಡು ಹಣ್ಣಿನ ರಸ, ಉಪ್ಪು, ಚಿಟಿಕೆ ಬೆಲ್ಲ, ಎರಡು ನುರಿದ ಸೂಜಿಮೆಣಸು. ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು ಸಿಡಿಸಿ, ಇಂಗು ಸ್ವಲ್ಪ ಧಾರಾಳವಾಗಿ ಹಾಕಿ ಒಗ್ಗರಣೆ ಕೊಡಿ. ಊಟದ ಕೊನೆಗೆ ಲೋಟದಲ್ಲಿ ಕುಡಿಯಿರಿ. ಮಧ್ಯಾಹ್ನದ ನಿದ್ದೆಗೆ ನಾನು ಜವಾಬ್ದಾರಳಲ್ಲ.

ಮೀನು, ಕೋಳಿ ಮಾಡುವವರಿಗೆ ಒಂದೇ ಮಾತು. ಮೀನಿಗೆ ನಿಂಬೆ-ಉಪ್ಪು ಸವರಿ ಹದಿನೈದು-ಇಪ್ಪತ್ತು ನಿಮಿಷ ಇಟ್ಟರೆ ವಾಸನೆ ಹೋಗುತ್ತದೆ. ಗಂಟೆಗಟ್ಟಲೆ ಇಟ್ಟರೆ ಹುಳಿಯೇ ಮಾಂಸವನ್ನು ಬಿಗಿ ಮಾಡಿ ಪುಡಿಪುಡಿಯಾಗಿಸುತ್ತದೆ. ಕಡುಬಿನ ಜೊತೆಗಿನ ಕೋಳಿಸಾರಿಗೆ ನಿಂಬೆಯನ್ನು ಪಾತ್ರೆಗೆ ಹಿಂಡದೆ ತಟ್ಟೆಗೆ ಹಿಂಡಿಕೊಳ್ಳಿ.

ಕುಡಿಯುವುದರಲ್ಲಿ ಮೊದಲು ಪಾನಕ, ನೀವು ಕೇಳಿದ್ದೇ ಅದನ್ನಲ್ವಾ. ಒಂದು ಲೀಟರ್ ನೀರಿಗೆ 150 ಗ್ರಾಂ ಬೆಲ್ಲ ಕರಗಿಸಿ ಬಟ್ಟೆಯಲ್ಲಿ ಸೋಸಿ. ಆಲೆಮನೆಯ ಜೋನಿಬೆಲ್ಲ ಮನೆಯಲ್ಲಿದ್ದರೆ ಅದನ್ನೇ ಹಾಕಿ. ಕರಗಿಸುವ ಕೆಲಸವೂ ಇಲ್ಲ, ರುಚಿಯೂ ಒಂದು ತೂಕ ಹೆಚ್ಚು. ಕುಟ್ಟಿದ ಏಲಕ್ಕಿ, ಕಾಳುಮೆಣಸು, ಶುಂಠಿರಸ, ಚಿಟಿಕೆ ಉಪ್ಪು ಸೇರಿಸಿ ಒಂದು ಗಂಟೆ ಬಿಡಿ. ಮೂರು ಹಣ್ಣಿನ ರಸ ಕೊಡುವ ಹೊತ್ತಿಗೆ ಹಾಕಿ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಪಾನಕ ಇಡಬೇಡಿ, ಕಲಾಯಿ ಸವೆದದ್ದಂತೂ ಬೇಡವೇ ಬೇಡ. ಹುಳಿಗೆ ಲೋಹ ಬಿಟ್ಟುಕೊಂಡು ಹೊಟ್ಟೆ ಕೆಡುತ್ತದೆ. ಅಲ್ಯೂಮಿನಿಯಮ್ಮಿಗೂ ಇದೇ ಮಾತು. ಸ್ಟೀಲು, ಗಾಜು, ಮಣ್ಣಿನ ಮಡಕೆ ಸರಿ.

ಶುಂಠಿರಸ ಅಂದೆನಲ್ಲ, ಅದಕ್ಕೊಂದು ಕ್ರಮ ಇದೆ. ತುರಿದು ಹಿಂಡಿದ ರಸವನ್ನು ಲೋಟದಲ್ಲಿ ಅಲ್ಲಾಡಿಸದೆ ಅರ್ಧ ಗಂಟೆ ಬಿಡಿ. ತಳದಲ್ಲಿ ಬಿಳೀ ಹಿಟ್ಟು ಗಟ್ಟಿಯಾಗಿ ಕೂರುತ್ತದೆ, ಅದು ಶುಂಠಿಯ ಗಂಜಿ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಹಿಟ್ಟು ಸೇರಿದರೆ ಶರಬತ್ತು ಮಂಕಾಗಿ ತಳದಲ್ಲಿ ಮಡ್ಡಿ ಕಟ್ಟುತ್ತದೆ.

ಸೋಡಾ ಶರಬತ್ತಿಗೆ ಸಕ್ಕರೆ ಹರಳು ಹಾಕಿ ಕಲಕಬೇಡಿ. ಹರಳಿನ ಸುತ್ತ ಗ್ಯಾಸು ಬುರುಬುರು ಎದ್ದು ಅರ್ಧ ಸೋಡಾ ನೆಲಕ್ಕೆ ಹೋಗುತ್ತದೆ. ಉಪ್ಪು ಹಾಕಿದಾಗ ನೊರೆ ಉಕ್ಕುವುದೂ ಇದಕ್ಕೇ. ಸಕ್ಕರೆ ಪಾಕ, ನಿಂಬೆರಸ, ಉಪ್ಪು ಮೊದಲೇ ಕರಗಿಸಿಟ್ಟು ಸೋಡಾವನ್ನು ಕೊನೆಗೆ ಲೋಟದ ಗೋಡೆಯ ಮೇಲೆ ಇಳಿಬಿಡಿ. ನಿಂಬೆ ಟೀಗೆ ಪುಡಿ ಕಡಿಮೆ ಸಾಕು. ಸೋಸಿದ ಮೇಲೆ ಹಿಂಡಿ, ಕಪ್ಪು ಬಣ್ಣ ಕಣ್ಣೆದುರೇ ಹೊಂಬಣ್ಣಕ್ಕೆ ತಿರುಗುತ್ತದೆ.

ಬೆಳಿಗ್ಗೆ ಬಿಸಿನೀರಿಗೆ ನಿಂಬೆ-ಜೇನು ಹಾಕಿ ಕುಡಿದರೆ ಕೊಬ್ಬು ಕರಗುತ್ತದಾ ಅಂತ ನನ್ನನ್ನು ಕೇಳದವರಿಲ್ಲ. ಇಲ್ಲ, ಕರಗುವುದಿಲ್ಲ. ಇಷ್ಟವಾದರೆ ಕುಡಿಯಿರಿ. ಕುಡಿದ ಮೇಲೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬ್ರಶ್ ಮಾಡಬೇಡಿ. ಹುಳಿ ತಾಗಿ ಮೆತ್ತಗಾದ ಹಲ್ಲಿನ ಮೇಲ್ಪದರ ಉಜ್ಜಿದರೆ ಸವೆಯುತ್ತದೆ. ನಿಂಬೆಯಿಂದ ನಿಜವಾಗಿ ಆಗುವ ಲಾಭ ಬೇರೆಯೇ ಇದೆ. ಹೆಸರುಕಾಳಿನ ಕೋಸಂಬರಿ, ಸೊಪ್ಪಿನ ಪಲ್ಯಕ್ಕೆ ತಿನ್ನುವಾಗ ಹಿಂಡಿಕೊಂಡರೆ ಅದರಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ.

ಈಗ ಕಷ್ಟದ ಭಾಗ, ಬೇಸಿಗೆಯವರೆಗೆ ಉಳಿಸುವುದು. ನಮ್ಮ ಹಿತ್ತಲ ಗಿಡಗಳು ಚಳಿ ಕಳೆಯುವಾಗ ಹೂ ಬಿಡುತ್ತವೆ, ಐದಾರು ತಿಂಗಳಿಗೆ ಹಣ್ಣು. ಹಾಗಾಗಿ ಶರಬತ್ತು ಯಾರಿಗೂ ಬೇಡವಾದ ಜಡಿಮಳೆಯಲ್ಲೇ ರಾಶಿ ಬೀಳುತ್ತದೆ. ಒಣ ಸೀಮೆಯಲ್ಲಿ ಮಳೆಗಾಲದ ಕೊನೆಗೆ ಗಿಡಕ್ಕೆ ನೀರು ನಿಲ್ಲಿಸಿ ಒಣಗಿಸಿ, ಅಕ್ಟೋಬರ್ ಹೊತ್ತಿಗೆ ಹೂ ತರಿಸಿ ಬೇಸಿಗೆಗೆ ಹಣ್ಣು ಪಡೆಯುತ್ತಾರೆ. ನಮ್ಮಲ್ಲಿ ಆ ಆಟ ನಡೆಯುವುದಿಲ್ಲ, ಮಳೆ ಬಿಡಬೇಕಲ್ಲ! ಅದಕ್ಕೇ ಬೇಸಿಗೆಯಲ್ಲಿ ಶಿವಮೊಗ್ಗದ ಸಂತೆಯವರು ವಿಜಯಪುರದ ಇಂಡಿಯಂಥ ಕಡೆಯಿಂದ ಬರುವ ಹಣ್ಣಿಗೆ ಕಾಯುವುದು.

ಇಡೀ ಹಣ್ಣು ಇಡುವುದಾದರೆ ಒಂದು ತಿಂಗಳು, ಅಷ್ಟೇ. ತೊಳೆದು, ನೀರಿನ ಪಸೆ ಇಲ್ಲದಂತೆ ಒರೆಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿಡಿ. ಬಿಚ್ಚಿಟ್ಟರೆ ಸಿಪ್ಪೆ ಒಣಗಿ ಕಲ್ಲಾಗುತ್ತದೆ. ಒಂದು ಹಣ್ಣಿಗೆ ಬೂಷ್ಟು ಬಂದರೆ ಕೂಡಲೇ ತೆಗೆಯಿರಿ, ಪಕ್ಕದವಕ್ಕೆ ಹಬ್ಬಲು ಹೆಚ್ಚು ಹೊತ್ತು ಬೇಡ.

ರಾಮನವಮಿಯವರೆಗೆ ಬರುವುದು ಫ್ರೀಜರಿನ ರಸ. ಹಗುರವಾಗಿ ಹಿಂಡಿ, ಸೋಸಿ, ಅದೇ ಗಳಿಗೆಯಲ್ಲಿ ಐಸ್ ಟ್ರೇಗೆ ಹುಯ್ದು ಫ್ರೀಜರಿಗೆ ಹಾಕಿ. ಸಂಜೆಯವರೆಗೆ ಪಾತ್ರೆಯಲ್ಲಿ ಬಿಟ್ಟರೆ ಕಹಿ ಆಗಲೇ ಹುಟ್ಟಿರುತ್ತದೆ. ಗಟ್ಟಿಯಾದ ಮೇಲೆ ತುಂಡುಗಳನ್ನು ಗಾಳಿಯಾಡದ ಚೀಲಕ್ಕೆ ತುಂಬಿ. ಮಾಮೂಲಿ ಟ್ರೇಯ ಒಂದು ತುಂಡು ಹೆಚ್ಚುಕಡಿಮೆ ಒಂದು ಹಣ್ಣಿನ ರಸ, ಪಾನಕದ ಲೆಕ್ಕಕ್ಕೂ ಸಲೀಸು. ಆದರೆ ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವತ್ತು ಬರುತ್ತದೋ ಹೇಳುವ ಹಾಗಿಲ್ಲ. ಎಲ್ಲವನ್ನೂ ಫ್ರೀಜರಿನ ಮೇಲೇ ನಂಬಿ ಕೂರಬೇಡಿ.

ಇನ್ನೊಂದು ದಾರಿ ಸಕ್ಕರೆ. ಒಂದು ಅಳತೆ ಸೋಸಿದ ರಸಕ್ಕೆ ಎರಡು ಅಳತೆ ಸಕ್ಕರೆ, ನೀರು ಒಂದು ಹನಿಯೂ ಬೇಡ. ಕುದಿಸಬೇಡಿ. ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿಟ್ಟು ಆಗಾಗ ಒಣ ಚಮಚದಿಂದ ತಿರುವುತ್ತಿದ್ದರೆ ಪೂರ್ತಿ ಕರಗುತ್ತದೆ. ಶುಂಠಿ ತಿಳಿಯನ್ನು ಸ್ವಲ್ಪ ಸೇರಿಸಬಹುದು. ಸಕ್ಕರೆ ಇಷ್ಟು ದಟ್ಟವಾಗಿದ್ದು ಹುಳಿಯೂ ಇರುವುದರಿಂದ ಬೂಷ್ಟು, ಹುದುಗು ಸುಲಭಕ್ಕೆ ಹತ್ತುವುದಿಲ್ಲ. ಕುದಿಸಿ ಒಣಗಿಸಿದ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಡಿ. ಲೋಟಕ್ಕೆ ಎರಡು ದೊಡ್ಡ ಚಮಚ, ಮೇಲೆ ನೀರು. ನೀರು ಸೇರಿಸಿ ತೆಳುವಾಗಿ ಮಾಡಿದ ಸ್ಕ್ವಾಷ್ ಇಷ್ಟು ದಿನ ತಡೆಯುವುದಿಲ್ಲ, ಎರಡು-ಮೂರು ತಿಂಗಳಲ್ಲಿ ಮುಗಿಸಬೇಕು. ಅಂಗಡಿಯ ಸ್ಕ್ವಾಷ್ ಹೊರಗಿಟ್ಟರೂ ಕೆಡದಿರಲು ಅದರಲ್ಲಿ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್‌ನಂಥ ಪುಡಿ ಇರುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರೆ ಆ ಪುಡಿಯ ಸಹವಾಸ ಬೇಡ, ಕೆಲವರಿಗೆ ಅದು ಉಸಿರು ಹಿಡಿಸುತ್ತದೆ.

ಕರೆಂಟೂ ಬೇಡ, ಫ್ರಿಜ್ಜೂ ಬೇಡ ಅನ್ನುವುದಾದರೆ ಉಪ್ಪು. ಒಂದು ಕಿಲೋ ಹಣ್ಣಿಗೆ 200 ಗ್ರಾಂ ಕಲ್ಲುಪ್ಪು. ನಾಲ್ಕು ಹೋಳು ಮಾಡಿ, ಸಾಧ್ಯವಾದಷ್ಟು ಬೀಜ ತೆಗೆದು, ಉಪ್ಪಿನ ಜೊತೆ ಜಾಡಿಗೆ ತುಂಬಿ. ಹೋಳು ರಸದಲ್ಲಿ ಮುಳುಗಿರಬೇಕು. ಮುಳುಗದಿದ್ದರೆ ಇನ್ನೆರಡು ಹಣ್ಣು ಹಿಂಡಿ. ನಮ್ಮಲ್ಲಿ ಬಿಸಿಲಿಗಿಡುವ ಮಾತೇ ಇಲ್ಲ, ಒಲೆಯ ಪಕ್ಕದ ಬೆಚ್ಚಗಿನ ಜಾಗ ಸಾಕು. ದಿನಾ ಒಮ್ಮೆ ಜಾಡಿ ಕುಲುಕಿ. ಮೂರು-ನಾಲ್ಕು ವಾರಕ್ಕೆ ಸಿಪ್ಪೆ ಕಂದಾಗಿ ಮೆತ್ತಗಾಗುತ್ತದೆ, ಕಹಿಯೂ ಉಪ್ಪು-ಹುಳಿಯ ಅಡಿಗೆ ಸರಿಯುತ್ತದೆ. ಆಗ ಸೂಜಿಮೆಣಸು ಸೇರಿಸಿದರೆ ಉಪ್ಪಿನಕಾಯಿ. ಮೆಣಸನ್ನು ತೊಳೆದು ನೆರಳಲ್ಲಿ ಪೂರ್ತಿ ಆರಿಸಿ ಹಾಕಿ, ಮಳೆಗಾಲದಲ್ಲಿ ಬೂಷ್ಟು ಬರುವುದು ಆ ಒದ್ದೆಯಿಂದಲೇ. ಮೆಣಸು ಹಾಕದೇ ಉಳಿಸಿದ ಜಾಡಿಯ ಒಂದು ಹೋಳನ್ನು ಬೇಸಿಗೆಯಲ್ಲಿ ಮಜ್ಜಿಗೆಗೆ ಕಿವುಚಿ ಕುಡಿಯಿರಿ. ಬೀಪಿ ಇರುವವರು ಮಾತ್ರ ಕೈ ಹಿಡಿದು. ಶರಬತ್ತಿಗೆ ಹಿಂಡಿ ಉಳಿದ ಸಿಪ್ಪೆಯನ್ನೂ ಇದೇ ಜಾಡಿಗೆ ಹಾಕಬಹುದು, ಎಸೆಯಬೇಡಿ.

ಬುಟ್ಟಿಗಟ್ಟಲೆ ಹಣ್ಣು ಹಿಂಡಿದ ದಿನ ಸೋಪು ಹಾಕಿ ಮೊಣಕೈವರೆಗೆ ತೊಳೆದೇ ಹೊರಗೆ ಹೋಗಿ. ನಿಂಬೆ ರಸ, ಸಿಪ್ಪೆಯೆಣ್ಣೆ ಮೈಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಗುಳ್ಳೆ ಏಳಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯಬಹುದು. ಮಕ್ಕಳ ಕೈಯಲ್ಲಿ ಹಿಂಡಿಸಿದರೆ ಇದನ್ನು ಮರೆಯಬೇಡಿ.

ಕಜ್ಜಿ ಹಣ್ಣಿನ ವಿಷಯ. ಅದು ಕ್ಯಾಂಕರ್ ಅನ್ನುವ ರೋಗ, ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಮಳೆಯ ಹನಿ ಸಿಡಿದು ಎಲೆಯಿಂದ ಎಲೆಗೆ ಹಬ್ಬುವುದರಿಂದ ನಮ್ಮ ಕಡೆ ಇದು ಜಾಸ್ತಿ. ಮನುಷ್ಯರಿಗೆ ಏನೂ ಆಗುವುದಿಲ್ಲ. ಕಜ್ಜಿ ಸಿಪ್ಪೆಯಲ್ಲಷ್ಟೇ ಇದ್ದು ಹಣ್ಣು ಒಡೆದಿಲ್ಲ, ಕೊಳೆತಿಲ್ಲ ಅಂದರೆ ರಸ ಧಾರಾಳವಾಗಿ ಬಳಸಿ. ಉಪ್ಪಿನಕಾಯಿಗೆ ಮಾತ್ರ ನಯವಾದ ಹಣ್ಣನ್ನೇ ಆರಿಸಿ, ಕಜ್ಜಿಯ ಜಾಗ ಎಷ್ಟು ದಿನವಾದರೂ ಬಿರುಸಾಗಿಯೇ ಉಳಿಯುತ್ತದೆ. ಗಿಡಕ್ಕೆ ಮದ್ದು ನಿಮ್ಮ ಮನೆಯಲ್ಲೇ ಇರಬಹುದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಇದಕ್ಕೂ ಆಗುತ್ತದೆ. ಮಳೆ ಹಿಡಿಯುವ ಮೊದಲು ಕಜ್ಜಿ ಬಿದ್ದ ರೆಂಬೆಗಳನ್ನು ಕತ್ತರಿಸಿ ಸುಟ್ಟು, ಆಮೇಲೆ ಹೊಡೆಯಿರಿ. ತೋಟಕ್ಕೆ ಹೊಡೆಯುವಾಗ ಗಾಳಿಗೆ ಹಾರಿ ಪಕ್ಕದ ನಿಂಬೆ ಹಣ್ಣಿನ ಮೇಲೆ ನೀಲಿ-ಬಿಳಿ ಕಲೆ ಕೂತಿದ್ದರೆ, ಕತ್ತರಿಸುವ ಮೊದಲೇ ಹಣ್ಣನ್ನು ಚೆನ್ನಾಗಿ ಉಜ್ಜಿ ತೊಳೆಯಿರಿ.